ಕಣ್ಣು ಬಂದ ಮೇಲಿನ ಕಷ್ಟ: ‘ಸಿಟಿ ಲೈಟ್ಸ್’ ಚಿತ್ರದ ಹೂವಿನ ಹುಡುಗಿಯ ಕುರಿತು

ಪ್ರಶ್ನೆ: ನಮ್ಮೂರಿನ ಚಿತ್ರಸಮಾಜದಲ್ಲಿ ಚಾರ್ಲಿ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ ತೋರಿಸಿದಾಗ ಕೊನೆಯ ದೃಶ್ಯಕ್ಕೆ ಹಲವರು ಕಣ್ಣೊರೆಸಿಕೊಂಡರು. ಆಮೇಲಿನ ಚರ್ಚೆಯಲ್ಲಿ ಒಬ್ಬರು, ‘ಇದು ಕಣ್ಣಿಲ್ಲದ ಬಡ ಹುಡುಗಿಯನ್ನು ಗಂಡಸೊಬ್ಬ ಉದ್ಧಾರ ಮಾಡುವ ಹಳೆಯ ಕಣ್ಣೀರಿನ ಕತೆ. ಹುಡುಗಿಗೆ ಇಲ್ಲಿ ಸ್ವಂತದ್ದೆಂಬುದೇನೂ ಇಲ್ಲ’ ಎಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಆಕ್ಷೇಪ ಸರಿಯೇ? ಕೊನೆಗೆ ಆ ಹುಡುಗಿ ಅವನನ್ನು ಒಪ್ಪಿಕೊಂಡಳೆಂದು ತಿಳಿಯಬೇಕೇ?

ಉತ್ತರ: ಆಕ್ಷೇಪದಲ್ಲಿ ಸತ್ಯಾಂಶವಿದೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಮೇಲು. ಈ ಹುಡುಗಿಗೆ ಚಿತ್ರದಲ್ಲಿ ಹೆಸರು ಕೂಡ ಇಲ್ಲ. ಒಬ್ಬ ಅಜ್ಜಿ, ಬಾಡಿಗೆಯ ಪುಟ್ಟ ಮನೆ, ಹೂವಿನ ಬುಟ್ಟಿ, ಕಿಟಕಿಯ ಬಳಿ ಒಂದು ಗ್ರಾಮಫೋನು, ಇಷ್ಟನ್ನು ಬಿಟ್ಟರೆ ಅವಳ ಹಿಂದುಮುಂದು ನಮಗೆ ತಿಳಿಯುವುದಿಲ್ಲ. ಅಂಧತ್ವವನ್ನು ಕಳೆದುಕೊಳ್ಳಬೇಕಾದ ದೌರ್ಭಾಗ್ಯವೆಂದಷ್ಟೇ ಚಿತ್ರ ಕಾಣುತ್ತದೆ, ಅದರೊಂದಿಗೇ ಬಾಳನ್ನು ಕಟ್ಟಿಕೊಳ್ಳುವ ಒಬ್ಬ ವ್ಯಕ್ತಿಯ ಒಳಲೋಕಕ್ಕೆ ಅದು ಕೈಹಾಕುವುದಿಲ್ಲ. ವಿಯೆನ್ನಾದ ವೈದ್ಯನೊಬ್ಬ ಕುರುಡುತನಕ್ಕೆ ಚಿಕಿತ್ಸೆ ಕಂಡುಹಿಡಿದಿದ್ದಾನೆ ಎಂಬ ಪತ್ರಿಕಾ ಸುದ್ದಿ ಕತೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಬಂದು ಬೀಳುವುದೂ ಸುಲಭದ ದಾರಿಯೇ. ಇವೆಲ್ಲವನ್ನೂ ನಿಮ್ಮ ಗೆಳೆಯರ ಲೆಕ್ಕಕ್ಕೆ ಜಮಾ ಮಾಡಿಬಿಡೋಣ.

ಆದರೆ ‘ಉದ್ಧಾರದ ಕತೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಉದ್ಧಾರದ ಕತೆಗಳು ಹುಡುಗಿ ಬದಲಾದ ಕ್ಷಣಕ್ಕೆ ಮಂಗಳ ಹಾಡುತ್ತವೆ. ಅವಳ ಹೊಸ ಸ್ಥಿತಿಯೇ ನಾಯಕನಿಗೆ ದೊರೆಯುವ ಬಹುಮಾನವಾಗುತ್ತದೆ. ‘ಸಿಟಿ ಲೈಟ್ಸ್’ನಲ್ಲಿ ಹುಡುಗಿ ಬದಲಾದ ಮೇಲೆಯೇ ಕತೆಯ ನಿಜವಾದ ಕಷ್ಟ ಶುರುವಾಗುತ್ತದೆ. ಚಾಪ್ಲಿನ್ ತಾವೇ ಮಾಡಿರುವ ನಾಯಕ ಒಬ್ಬ ಬಡ ಅಲೆಮಾರಿ, ಹುಡುಗಿ ಅವನನ್ನು ಶ್ರೀಮಂತನೆಂದು ತಿಳಿದಿದ್ದಾಳೆ. ಅವಳಿಗೆ ಕಣ್ಣು ಬರುವುದೆಂದರೆ ಈ ಅಲೆಮಾರಿಯ ಸುಳ್ಳು ಹೊರಬೀಳುವುದು. ಅವಳ ಚಿಕಿತ್ಸೆಗೆಂದು ಅವನು ಒಂದೊಂದಾಗಿ ದುಡ್ಡು ಕೂಡಿಸುತ್ತಾ ಹೋದಂತೆ ತನ್ನ ಸೋಲನ್ನೇ ಹತ್ತಿರ ತಂದುಕೊಳ್ಳುತ್ತಿರುತ್ತಾನೆ. ಇದು ಅವನಿಗೂ ಗೊತ್ತು ಎಂಬುದನ್ನು ಚಾಪ್ಲಿನ್ ಒಂದು ಸಣ್ಣ ಮುಖಭಾವದಲ್ಲಿ ತೋರಿಸಿದ್ದಾರೆ: ಶಸ್ತ್ರಚಿಕಿತ್ಸೆಯ ಸುದ್ದಿ ಕೇಳಿ ಹುಡುಗಿ, ‘ಹಾಗಾದರೆ ನಿಮ್ಮನ್ನು ನೋಡಬಹುದು’ ಎಂಬರ್ಥದಲ್ಲಿ ಸಂಭ್ರಮಿಸಿದಾಗ ಅವನ ನಗು ಅರೆಗಳಿಗೆ ಮುಖದ ಮೇಲೆಯೇ ನಿಂತುಹೋಗುತ್ತದೆ. ಕತೆಯ ಈ ಕಟ್ಟನ್ನು ಬಿಟ್ಟು ಕೊನೆಯ ದೃಶ್ಯದ ಕಣ್ಣೀರನ್ನು ಮಾತ್ರ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಚಿತ್ರ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ‘ಅತಿ ಭಾವುಕ’ ಎಂಬ ಭಯ ಮೊದಲು ಕಾಡಿದ್ದು ಚಾಪ್ಲಿನ್ ಅವರನ್ನೇ. ತಮ್ಮ ಆತ್ಮಕಥೆಯಲ್ಲಿ ಅವರು ಹೇಳಿಕೊಂಡಿರುವಂತೆ ಅವರಿಗೆ ಮೊದಲು ಹೊಳೆದದ್ದು ಸರ್ಕಸ್ಸಿನ ವಿದೂಷಕನೊಬ್ಬನ ಕತೆ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅವನು, ಕಾಯಿಲೆಯಲ್ಲಿರುವ ತನ್ನ ಪುಟ್ಟ ಮಗಳಿಂದ ಆ ಸಂಗತಿಯನ್ನು ಮುಚ್ಚಿಡಬೇಕು. ಅವನು ಮುಗ್ಗರಿಸಿ, ವಸ್ತುಗಳಿಗೆ ಢಿಕ್ಕಿ ಹೊಡೆದಾಗ, ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಮಗಳು ನಗಬೇಕು. ಈ ಕತೆ ವಿಪರೀತ ಭಾವುಕವಾಯಿತೆಂದು ಅವರೇ ಅದನ್ನು ಕೈಬಿಟ್ಟರು. ಅದರಿಂದ ಅಂಧತ್ವವೊಂದನ್ನು ಮಾತ್ರ ಉಳಿಸಿಕೊಂಡು ಹೂ ಮಾರುವ ಹುಡುಗಿಗೆ ಕೊಟ್ಟರು. ಅವರ ಬಳಿ ಇನ್ನೊಂದು ಹಳೆಯ ಎಳೆಯಿತ್ತು: ಇಬ್ಬರು ಶ್ರೀಮಂತರು ಬೀದಿಯಲ್ಲಿ ಮಲಗಿದ್ದ ಅಲೆಮಾರಿಯೊಬ್ಬನನ್ನು ಪರೀಕ್ಷೆಗೆಂದು ಎತ್ತಿಕೊಂಡು ಹೋಗಿ, ಒಂದು ರಾತ್ರಿ ಅರಮನೆಯ ಸುಖ ಕೊಟ್ಟು, ಬೆಳಗಾಗುವ ಮೊದಲು ಎತ್ತಿದಲ್ಲಿಯೇ ತಂದು ಮಲಗಿಸುತ್ತಾರೆ. ಈ ಎಳೆಯಿಂದ ಹುಟ್ಟಿದವನು ಚಿತ್ರದ ಕುಡುಕ ಕೋಟ್ಯಧಿಪತಿ. ಒಂದು ಕಣ್ಣೀರಿನ ಎಳೆಗೆ ಒಂದು ವ್ಯಂಗ್ಯದ ಎಳೆಯನ್ನು ಹೆಣೆದದ್ದರಿಂದಲೇ ಚಿತ್ರ ಇಂದಿಗೂ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಚಿತ್ರೀಕರಣ ಆರಂಭವಾದದ್ದು 1928ರ ಡಿಸೆಂಬರ್ ಕೊನೆಯಲ್ಲಿ. ಅದು ಮುಗಿದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ನಡೆದದ್ದು 1931ರ ಜನವರಿ 30ರಂದು; ಆಲ್ಬರ್ಟ್ ಐನ್‌ಸ್ಟೈನ್ ಆ ಸಂಜೆ ಚಾಪ್ಲಿನ್ ಅವರ ಅತಿಥಿಯಾಗಿದ್ದರು. ಅಷ್ಟರಲ್ಲಿ ಹಾಲಿವುಡ್ ಪೂರ್ತಿ ವಾಕ್ಚಿತ್ರಗಳ ಕಡೆಗೆ ವಾಲಿತ್ತು. ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಮುಂಬಯಿಯಲ್ಲಿ ತೆರೆಕಂಡದ್ದೂ ಅದೇ ವರ್ಷದ ಮಾರ್ಚ್ 14ರಂದು. ಎಲ್ಲರೂ ಮಾತಿನ ಬೆನ್ನು ಹತ್ತಿದ್ದ ಹೊತ್ತಿನಲ್ಲಿ ಚಾಪ್ಲಿನ್ ಮೂಕಾಭಿನಯವನ್ನೇ ಹಿಡಿದು ಕೂತರು. ಸಂಗೀತವನ್ನು ಮಾತ್ರ ತಾವೇ ಸಂಯೋಜಿಸಿ ಚಿತ್ರದ ಜೊತೆಗೆ ಮುದ್ರಿಸಿದರು. ಆದರೆ ಹೂವಿನ ಹುಡುಗಿಯ ಧಾಟಿ ಅವರ ಸ್ವಂತದ್ದಲ್ಲ. ಸ್ಪೇನಿನ ಹೊಸೆ ಪಾದಿಯಾ ಅವರ ‘ಲಾ ವಿಯೊಲೆತೆರಾ’ ಎಂಬ ಗೀತೆಯಿಂದ ಬಂದದ್ದು. ಹೆಸರು ಹಾಕದೆ ಬಳಸಿದ್ದಕ್ಕಾಗಿ ಆತ ಮೊಕದ್ದಮೆ ಹೂಡಿ ಗೆದ್ದ.

ಮೂಕಿಚಿತ್ರವೊಂದರಲ್ಲಿ ಕಣ್ಣು ಕಾಣದ ಹುಡುಗಿಯನ್ನು ನಾಯಕಿಯಾಗಿಸುವುದು ಎಷ್ಟು ದೊಡ್ಡ ತೊಡಕೆಂದು ಸ್ವಲ್ಪ ಯೋಚಿಸಿ. ಅವಳು ಕೇಳಿದ್ದನ್ನಷ್ಟೇ ನಂಬಬಲ್ಲಳು. ನಾವೋ ನೋಡಿದ್ದನ್ನಷ್ಟೇ ತಿಳಿಯಬಲ್ಲೆವು. ಹರಕು ಬಟ್ಟೆಯ ಅಲೆಮಾರಿಯನ್ನು ಅವಳು ಶ್ರೀಮಂತನೆಂದು ತಪ್ಪು ತಿಳಿಯಬೇಕು, ಅದೂ ಒಂದು ಮಾತಿಲ್ಲದೆ, ಅವನೇ ಸುಳ್ಳು ಹೇಳದೆ. ಈ ಒಂದು ಗಂಟನ್ನು ಬಿಡಿಸಲು ಚಾಪ್ಲಿನ್ ತಿಂಗಳುಗಟ್ಟಲೆ ಒದ್ದಾಡಿದರು. ಆ ಭೇಟಿಯ ದೃಶ್ಯವನ್ನು ಮತ್ತೆ ಮತ್ತೆ ತೆಗೆದದ್ದು 342 ಸಲ ಎಂದು ಗಿನ್ನೆಸ್ ದಾಖಲೆ ಪುಸ್ತಕ ಹೇಳುತ್ತದೆ.

ಕಡೆಗೆ ಸಿಕ್ಕ ಪರಿಹಾರ ಇದು. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿವೆ. ಪೊಲೀಸನ ಕಣ್ಣು ತಪ್ಪಿಸಲು ಅಲೆಮಾರಿ ನಿಂತ ಕಾರೊಂದರ ಒಂದು ಬಾಗಿಲಿನಿಂದ ಹೊಕ್ಕು ಮತ್ತೊಂದರಿಂದ ಪಾದಚಾರಿ ದಾರಿಗೆ ಇಳಿಯುತ್ತಾನೆ, ಬಾಗಿಲು ಮುಚ್ಚುತ್ತಾನೆ. ಹುಡುಗಿ ತಲೆಯೆತ್ತಿ ಹೂವನ್ನು ಮುಂದೆ ಚಾಚುತ್ತಾಳೆ. ಅವಳ ಪಾಲಿಗೆ ಕಾರಿನಿಂದ ಇಳಿದವನು ಸಾಹುಕಾರ. ಹೂವು ಕೈತಪ್ಪಿ ಬೀಳುತ್ತದೆ, ಅವನು ಹೆಕ್ಕಿಕೊಳ್ಳುತ್ತಾನೆ, ಅವಳು ಮಾತ್ರ ನೆಲವನ್ನು ತಡವುತ್ತಲೇ ಇರುತ್ತಾಳೆ. ಅವಳಿಗೆ ಕಣ್ಣಿಲ್ಲವೆಂದು ಅವನಿಗೆ ಹೊಳೆಯುವುದು ಆಗ, ನಮಗೂ ಆಗಲೇ. ಅವನು ನಾಣ್ಯ ಕೊಟ್ಟು ಚಿಲ್ಲರೆಗಾಗಿ ನಿಂತಿರುವಾಗ ಕಾರಿನ ನಿಜವಾದ ಒಡೆಯ ಬಂದು ಹತ್ತಿ ಹೊರಟುಬಿಡುತ್ತಾನೆ. ಚಿಲ್ಲರೆಯನ್ನೂ ಕೇಳದೆ ಉದಾರವಾಗಿ ಹೋದವನು ತನ್ನ ಗಿರಾಕಿಯೇ ಎಂದು ಹುಡುಗಿ ತಿಳಿಯುತ್ತಾಳೆ. ಎದುರಿಗೇ ನಿಂತಿರುವ ಅಲೆಮಾರಿ ಈಗ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ಸರಿಯಬೇಕಾಗುತ್ತದೆ. ತಾನಲ್ಲದ ಮನುಷ್ಯನಾಗುವುದಕ್ಕೆ ಅವನು ಮಾಡುವ ಮೊದಲ ಕೆಲಸವೇ ತನ್ನ ಇರವನ್ನು ಅಳಿಸಿಕೊಳ್ಳುವುದು. ಈ ಸುಳ್ಳನ್ನು ಅವನು ಆಡಲಿಲ್ಲ, ನಿಜ. ಆದರೆ ಅದನ್ನು ತಿದ್ದಲೂ ಇಲ್ಲ. ಚಿತ್ರದುದ್ದಕ್ಕೂ ಅವನು ಅವಳ ಕುರುಡುತನದ ಫಲಾನುಭವಿ ಎಂಬುದನ್ನು ಮರೆಯಬಾರದು. ಅಷ್ಟು ಗೌರವ, ಅಷ್ಟು ಕಾಳಜಿಯಿಂದ ಜಗತ್ತಿನಲ್ಲಿ ಬೇರೆ ಯಾರೂ ಅವನ ಜೊತೆ ನಡೆದುಕೊಳ್ಳುವುದಿಲ್ಲ.

ಇದೇ ದೃಶ್ಯದ ತುದಿಯಲ್ಲಿ ಚಾಪ್ಲಿನ್ ಭಾವುಕತೆಗೆ ಹಾಕುವ ಕಡಿವಾಣವನ್ನೂ ಗಮನಿಸಬೇಕು. ಅವನು ಹಿಂದಿರುಗಿ ಬಂದು ಸದ್ದಿಲ್ಲದೆ ಕೂತು ಅವಳನ್ನೇ ಮೈಮರೆತು ನೋಡುತ್ತಿರುತ್ತಾನೆ. ಸಂಗೀತ ಹಿತವಾಗಿ ಹರಿಯುತ್ತಿರುತ್ತದೆ. ಅವಳು ಹೂವಿನ ಪಾತ್ರೆಯನ್ನು ತೊಳೆದು ನೀರನ್ನು ನೇರವಾಗಿ ಅವನ ಮುಖಕ್ಕೆ ಎರಚುತ್ತಾಳೆ. ಮುಂದೆ ಮನೆಯಲ್ಲಿ ಅವಳು ಉಣ್ಣೆಯ ದಾರವನ್ನು ಉಂಡೆ ಸುತ್ತುವಾಗ ತಪ್ಪಿ ಅವನ ಒಳಅಂಗಿಯ ಎಳೆಯನ್ನೇ ಹಿಡಿದು ಎಳೆಯುತ್ತಾ ಹೋಗುತ್ತಾಳೆ. ಅವಳಿಗೆ ಅವಮಾನವಾದೀತೆಂದು ಅವನು ಬಾಯಿ ಬಿಡದೆ ಮೈ ತಿರುಚಿಕೊಂಡು ಎಳೆ ಬಿಡಿಸಿ ಕೊಡುತ್ತಾನೆ. ಅವನ ಪ್ರೀತಿ ಎಂಥದ್ದೆಂದು ಹೇಳಲು ಇದಕ್ಕಿಂತ ಒಳ್ಳೆಯ ಸಂಭಾಷಣೆಯನ್ನು ನಾನು ಯಾವ ವಾಕ್ಚಿತ್ರದಲ್ಲಿಯೂ ಕೇಳಿಲ್ಲ. ಎರಡೂ ಕಡೆ ನಗು ಬರುವುದು ಅವಳ ಕುರುಡುತನದಿಂದ, ಆದರೆ ನಗೆಗೀಡಾಗುವವನು ಅವನೇ. ಕಣ್ಣಿಲ್ಲದವಳನ್ನು ಒಂದು ಸಲವೂ ನಗೆಗೆ ಗುರಿಮಾಡದೆ, ಕುರುಡುತನದಿಂದಲೇ ಹಾಸ್ಯ ಹುಟ್ಟಿಸುವ ಈ ಎಚ್ಚರ ಅಪರೂಪದ್ದು.

ಹುಡುಗಿಯ ಪಾತ್ರ ಮಾಡಿದ ವರ್ಜೀನಿಯಾ ಚೆರಿಲ್ ಅವರಿಗೆ ಅಭಿನಯದ ಹಿಂದಿನ ಅನುಭವವಿರಲಿಲ್ಲ. ಪಾತ್ರಕ್ಕಾಗಿ ಬಂದ ಬೇರೆ ನಟಿಯರು ಕುರುಡುತನವನ್ನು ತೋರಿಸಲು ಕಣ್ಣನ್ನು ಮೇಲಕ್ಕೆ ಹೊರಳಿಸುತ್ತಿದ್ದರು. ಚೆರಿಲ್‌ಗೆ ಚಾಪ್ಲಿನ್ ಕೊಟ್ಟ ಸೂಚನೆ, ತನ್ನತ್ತಲೇ ನೋಡಬೇಕು, ಆದರೆ ದೃಷ್ಟಿಯನ್ನು ಒಳಗೆ ತಿರುಗಿಸಿಕೊಂಡು ತನ್ನನ್ನು ಕಾಣದೆ ನೋಡಬೇಕು ಎಂಬುದು. ಆಕೆಗೆ ಸಮೀಪದೃಷ್ಟಿ ದೋಷವಿದ್ದದ್ದೂ ನೆರವಾಯಿತು. ಇಬ್ಬರಿಗೂ ಪರಸ್ಪರ ಅಷ್ಟಾಗಿ ಹೊಂದಾಣಿಕೆಯಿರಲಿಲ್ಲವೆಂದು ಆಕೆಯೇ ವರ್ಷಗಳ ನಂತರ ಹೇಳಿದ್ದಾರೆ. ನಡುವೆ ಆಕೆಯನ್ನು ತೆಗೆದುಹಾಕಿ, ತಮ್ಮ ಹಿಂದಿನ ಚಿತ್ರ ‘ದಿ ಗೋಲ್ಡ್ ರಶ್’ನ ನಾಯಕಿ ಜಾರ್ಜಿಯಾ ಹೇಲ್ ಅವರನ್ನು ಇಟ್ಟುಕೊಂಡು ಕೊನೆಯ ದೃಶ್ಯದ ಪರೀಕ್ಷಾ ಚಿತ್ರೀಕರಣವನ್ನೂ ಚಾಪ್ಲಿನ್ ಮಾಡಿನೋಡಿದರು, ಕಡೆಗೆ ಚೆರಿಲ್ ಅವರನ್ನೇ ಮರಳಿ ಕರೆಸಿದರು. ಹುಡುಗಿಗೆ ‘ಸ್ವಂತದ್ದೇನೂ ಇಲ್ಲ’ ಎಂಬ ಮಾತಿಗೆ ಚೆರಿಲ್ ಅವರ ಬೆರಳುಗಳನ್ನು ತೋರಿಸುವುದೇ ನನ್ನ ಉತ್ತರ. ಬರಹಗಾರ ಚಾಪ್ಲಿನ್ ಈ ಹುಡುಗಿಗೆ ಕೊಡದ ವ್ಯಕ್ತಿತ್ವವನ್ನು ನಿರ್ದೇಶಕ ಚಾಪ್ಲಿನ್ ಅವಳ ಕೈಗಳಿಗೆ ಕೊಟ್ಟಿದ್ದಾರೆ: ಕೋಟಿನ ಅಂಚನ್ನು ತಡವಿ ಹೂ ಸಿಕ್ಕಿಸುವ ಕೈ, ಉಂಡೆ ಸುತ್ತುವ ಕೈ. ಅವಳು ಜಗತ್ತನ್ನು ಅರಿಯುವುದು ಬೆರಳ ತುದಿಯಿಂದ ಎಂಬುದು ನಮ್ಮ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತದೆ.

ಇನ್ನು ಕೋಟ್ಯಧಿಪತಿ. ಹ್ಯಾರಿ ಮೈಯರ್ಸ್ ಮಾಡಿದ ಈ ಪಾತ್ರವನ್ನು ಹಲವರು ಬರೀ ತಮಾಷೆಗೆಂದು ತುರುಕಿದ್ದೆಂದು ತಿಳಿಯುತ್ತಾರೆ. ಆತ್ಮಹತ್ಯೆಗೆ ಹೊರಟವನನ್ನು ಅಲೆಮಾರಿ ಉಳಿಸುತ್ತಾನೆ. ಕುಡಿದಾಗ ಅವನು ಅಲೆಮಾರಿಯನ್ನು ಅಪ್ಪಿ ಮುದ್ದಾಡಿ ಜೀವದ ಗೆಳೆಯನೆನ್ನುತ್ತಾನೆ. ಅಮಲಿಳಿದಾಗ ಗುರುತೇ ಹಿಡಿಯದೆ ಹೊರಗೆ ಹಾಕಿಸುತ್ತಾನೆ. ಚಿತ್ರದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ದುಷ್ಯಂತನ ಮರೆವನ್ನು ಬಲ್ಲ ನಮಗೆ ಇದರ ಅರ್ಥ ತಿಳಿಯುವುದು ಕಷ್ಟವಲ್ಲ. ಅಲ್ಲಿ ಶಾಪ ಮಾಡಿದ ಕೆಲಸವನ್ನು ಇಲ್ಲಿ ಎಚ್ಚರ ಮಾಡುತ್ತದೆ. ಕಣ್ಣು ಮಂಜಾಗಿರುವಾಗ ಗೆಳೆತನ, ಕಣ್ಣು ತಿಳಿಯಾದಾಗ ತಿರಸ್ಕಾರ. ಇದನ್ನು ನೋಡಿ ನೋಡಿ ನಗುತ್ತಿರುವ ನಮ್ಮಲ್ಲಿ ಒಂದು ಅನುಮಾನ ಬೆಳೆಯುತ್ತಾ ಬರುತ್ತದೆ: ಸ್ಪಷ್ಟವಾಗಿ ನೋಡಬಲ್ಲ ಯಾರೂ ಈ ಮನುಷ್ಯನನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾದರೆ ಆ ಹುಡುಗಿ? ಚಾಪ್ಲಿನ್ ಈ ಪ್ರಶ್ನೆಯನ್ನು ಎಲ್ಲಿಯೂ ಬಾಯಿಬಿಟ್ಟು ಕೇಳುವುದಿಲ್ಲ, ಹಾಸ್ಯದ ಮರೆಯಲ್ಲಿ ನಮ್ಮೊಳಗೆ ನೆಟ್ಟುಬಿಡುತ್ತಾರೆ. ಕೊನೆಯ ದೃಶ್ಯದಲ್ಲಿ ನಮ್ಮ ಗಂಟಲು ಕಟ್ಟುವುದಕ್ಕೆ ಅರ್ಧ ಕಾರಣ ಈ ಕುಡುಕ.

ನಡುವಿನ ಘಟನೆಗಳನ್ನು ಬೇಗ ದಾಟೋಣ. ಹುಡುಗಿ ಜ್ವರದಲ್ಲಿ ಮಲಗುತ್ತಾಳೆ. 22 ಡಾಲರ್ ಬಾಡಿಗೆ ಬಾಕಿಯ ನೋಟೀಸು ಬರುತ್ತದೆ. ಅಲೆಮಾರಿ ಬೀದಿ ಗುಡಿಸುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಹಣಕ್ಕಾಗಿ ಮುಷ್ಟಿಯುದ್ಧಕ್ಕಿಳಿದು ನೆಲಕಚ್ಚುತ್ತಾನೆ. ಕುಡಿದ ಕೋಟ್ಯಧಿಪತಿ 1,000 ಡಾಲರ್ ಕೊಡುತ್ತಾನೆ, ಅದೇ ಹೊತ್ತಿಗೆ ಮನೆಗೆ ಕಳ್ಳರು ನುಗ್ಗಿ, ತಲೆಗೆ ಏಟು ಬಿದ್ದು ಅಮಲಿಳಿದ ಆತ ‘ಇವನಾರೋ’ ಎನ್ನುತ್ತಾನೆ. ಹಣದೊಂದಿಗೆ ಓಡಿಬಂದ ಅಲೆಮಾರಿ ಅದನ್ನು ಹುಡುಗಿಯ ಕೈಗಿಡುತ್ತಾನೆ. ಇಲ್ಲೊಂದು ವಿವರ ಕಣ್ಣು ತಪ್ಪದಿರಲಿ. ಎಲ್ಲವನ್ನೂ ಕೊಟ್ಟ ಮೇಲೆ ಒಂದು ನೋಟನ್ನು ಅವನು ತನ್ನ ಜೇಬಿಗೆ ಸೇರಿಸುತ್ತಾನೆ. ಅವಳು ಕೃತಜ್ಞತೆಯಿಂದ ಅವನ ಕೈಗೆ ಮುತ್ತಿಟ್ಟಾಗ ನಾಚಿ ಅದನ್ನೂ ತೆಗೆದು ಕೊಟ್ಟುಬಿಡುತ್ತಾನೆ. ತ್ಯಾಗಮೂರ್ತಿಯಾಗಿ ನಿಲ್ಲಿಸಬಹುದಾಗಿದ್ದ ನಾಯಕನಿಗೆ ಒಂದು ನೋಟಿನಷ್ಟು ಸ್ವಾರ್ಥವನ್ನು ಉಳಿಸಿಕೊಟ್ಟದ್ದು ನನ್ನ ಪ್ರಕಾರ ಇಡೀ ಚಿತ್ರಕತೆಯ ಜಾಣತನದ ಗೆರೆಗಳಲ್ಲೊಂದು. ದೇವರಂಥವನಿಗಾಗಿ ನಾವು ಅಳುವುದಿಲ್ಲ. ಬಳಿಕ ಅವನು ಆ ಹಣ ಕದ್ದನೆಂಬ ಆರೋಪದ ಮೇಲೆ ಜೈಲು ಸೇರುತ್ತಾನೆ.

ಈಗ ನಿಮ್ಮ ಗೆಳೆಯರ ಆಕ್ಷೇಪದ ಹೃದಯಕ್ಕೆ ಬರೋಣ. ಕನ್ನಡದಲ್ಲಿಯೂ ಭಾರತದ ಬೇರೆ ಭಾಷೆಗಳಲ್ಲಿಯೂ ಕಣ್ಣು ಬರುವ ದೃಶ್ಯವೆಂದರೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತಿದೆ. ಆಸ್ಪತ್ರೆಯ ಕೋಣೆ, ಸುತ್ತು ಸುತ್ತಾಗಿ ಬಿಚ್ಚುವ ಬಿಳಿ ಪಟ್ಟಿ, ‘ಮೊದಲು ಯಾರನ್ನು ನೋಡಲು ಬಯಸುತ್ತೀಯಮ್ಮ’ ಎಂದು ಕೇಳುವ ಡಾಕ್ಟರು, ಮಸುಕಾಗಿ ಶುರುವಾಗಿ ತಿಳಿಯಾಗುವ ನಾಯಕನ ಮುಖ. ಪರಿವರ್ತನೆಯ ಆ ಕ್ಷಣದ ಮೇಲೆಯೇ ಆ ಚಿತ್ರಗಳು ತಮ್ಮ ಬಂಡವಾಳವನ್ನೆಲ್ಲ ಹೂಡಿರುತ್ತವೆ. ಚಾಪ್ಲಿನ್ ಅದನ್ನು ಪೂರ್ತಿ ಬಿಟ್ಟುಬಿಟ್ಟಿದ್ದಾರೆ. ವಿಯೆನ್ನಾ ಇಲ್ಲ, ವೈದ್ಯನಿಲ್ಲ, ಪಟ್ಟಿ ಬಿಚ್ಚುವುದಿಲ್ಲ. ಜೈಲಿನ ಬಾಗಿಲು ಮುಚ್ಚುತ್ತದೆ, ತಿಂಗಳುಗಳು ಉರುಳುತ್ತವೆ, ಶರತ್ಕಾಲ ಬರುತ್ತದೆ. ತೆರೆ ಮೇಲೆ ಮತ್ತೆ ಕಾಣಿಸಿಕೊಳ್ಳುವಾಗ ಹುಡುಗಿ ಚೆಂದದ ಹೂವಿನ ಅಂಗಡಿಯೊಂದರ ಒಡತಿ, ಕನ್ನಡಿ ನೋಡಿಕೊಂಡು ಕೂದಲು ತೀಡಿಕೊಳ್ಳುತ್ತಿರುತ್ತಾಳೆ. ಅವಳು ಮೊದಲು ನೋಡಿದ್ದೇನು, ಹೇಗೆ ಅಂಗಡಿ ಹಾಕಿದಳು, ಯಾವುದನ್ನೂ ಹೇಳುವ ಗೋಜಿಗೆ ಚಿತ್ರ ಹೋಗುವುದಿಲ್ಲ. ಉದ್ಧಾರವೇ ಕತೆಯ ತಿರುಳಾಗಿದ್ದರೆ ಇಷ್ಟು ದೊಡ್ಡ ಅವಕಾಶವನ್ನು ಯಾರೂ ಕೈಬಿಡುತ್ತಿರಲಿಲ್ಲ.

ಅವಳ ಪರಿವರ್ತನೆ ಬರೀ ದೃಷ್ಟಿಯದಲ್ಲ, ವರ್ಗದ್ದು ಕೂಡ. ಬೀದಿಯ ಮೂಲೆಯಲ್ಲಿ ಕೂತು ಮಾರುತ್ತಿದ್ದವಳು ಈಗ ಗಾಜಿನ ಒಳಗಿದ್ದಾಳೆ. ಕಾರಿನಿಂದಿಳಿದು ಎತ್ತರದ ಹ್ಯಾಟು ಧರಿಸಿದ ಸುಂದರ ಯುವಕನೊಬ್ಬ ಅಂಗಡಿಗೆ ಬಂದಾಗ ಅವಳ ಎದೆ ಹಾರುತ್ತದೆ. ಅವನೇ ಹಿಂದಿರುಗಿದನೆಂದುಕೊಂಡೆ ಎಂದು ಅಜ್ಜಿಗೆ ಹೇಳುತ್ತಾಳೆ. ಕಣ್ಣು ಬಂದರೂ ಅವಳು ಹುಡುಕುತ್ತಿರುವುದು ಕುರುಡಾಗಿದ್ದಾಗ ಕಟ್ಟಿಕೊಂಡ ಚಿತ್ರವನ್ನೇ. ಇತ್ತ ಬೀದಿಯಲ್ಲಿ, ಮೊದಲಿಗಿಂತಲೂ ಹರಕಾದ ಬಟ್ಟೆಯ, ಕೈಯಲ್ಲಿ ಬೆತ್ತವೂ ಇಲ್ಲದ ಅಲೆಮಾರಿ ಕಾಲೆಳೆದು ಬರುತ್ತಾನೆ. ಪತ್ರಿಕೆ ಮಾರುವ ಹುಡುಗರು ಕೊಳವೆಯಿಂದ ಕಾಳು ಊದಿ ಹೊಡೆಯುತ್ತಾರೆ, ಪ್ಯಾಂಟಿನ ಹರಕಿನಿಂದ ಇಣುಕುವ ಬಟ್ಟೆಯನ್ನು ಎಳೆಯುತ್ತಾರೆ. ಅವನು ಆ ಚಿಂದಿಯನ್ನು ಕಿತ್ತುಕೊಂಡು ಮೂಗೊರೆಸಿ, ಮಡಿಸಿ, ಗೃಹಸ್ಥನ ಹಾಗೆ ಎದೆಯ ಜೇಬಿಗೆ ಸಿಕ್ಕಿಸುತ್ತಾನೆ. ಹುಡುಗಿ ಕಿಟಕಿಯಿಂದ ಇದನ್ನೆಲ್ಲ ನೋಡಿ ನಗುತ್ತಿರುತ್ತಾಳೆ. ಆ ನಗುವಿಗಾಗಿ ಚಾಪ್ಲಿನ್ ಅವಳನ್ನು ದೂಷಿಸುವುದಿಲ್ಲ, ಆದರೆ ತೋರಿಸದೆ ಬಿಡುವುದೂ ಇಲ್ಲ. ಭಾವುಕ ಚಿತ್ರವೊಂದು ತನ್ನ ನಾಯಕಿಗೆ ಇಂಥ ಸಣ್ಣತನವನ್ನು ಕೊಡಲು ಧೈರ್ಯ ಬೇಕು. ಇಲ್ಲಿಯವರೆಗೂ ನಾವೇ ಅವನ ಪಾಡನ್ನು ನೋಡಿ ನಗುತ್ತಾ ಬಂದಿರುವುದರಿಂದ ಆ ಗಾಜಿನ ಹಿಂದೆ ನಾವೂ ನಿಂತಿದ್ದೇವೆ.

ಅವನು ಚರಂಡಿಯ ಬದಿಯಲ್ಲಿ ಗುಡಿಸಿ ಹಾಕಿದ್ದ ಹೂವನ್ನು ಹೆಕ್ಕಿಕೊಂಡು ತಿರುಗುತ್ತಾನೆ, ಅವಳನ್ನು ಕಾಣುತ್ತಾನೆ, ಅಲ್ಲಿಯೇ ನಿಂತುಬಿಡುತ್ತಾನೆ. ಅವಳು ಪಕ್ಕದವರ ಕಡೆ ತಿರುಗಿ, ಇವನು ನನಗೆ ಮರುಳಾದನೆಂದು ತಮಾಷೆ ಮಾಡುತ್ತಾಳೆ. ಅವನ ಕೈಯಲ್ಲಿನ ಹೂವಿನ ಎಸಳುಗಳು ಉದುರುತ್ತಿರುವುದನ್ನು ಕಂಡು ಒಂದು ಹೊಸ ಹೂವನ್ನೂ ಒಂದು ನಾಣ್ಯವನ್ನೂ ತೋರಿಸಿ ಕರೆಯುತ್ತಾಳೆ. ಇಲ್ಲಿ ಮೊದಲ ಭೇಟಿಯ ಎಲ್ಲ ಸಾಮಗ್ರಿಯೂ ಮರಳಿ ಬಂದಿದೆ. ನಾಣ್ಯ ಮಾತ್ರ ದಿಕ್ಕು ಬದಲಿಸಿದೆ. ಅಂದು ಅವನು ಕೊಂಡವನು, ಇಂದು ಭಿಕ್ಷೆ ಪಡೆಯುವವನು. ಅವನು ಓಡಿಹೋಗಲು ನೋಡುತ್ತಾನೆ. ಸುಳ್ಳು ಬಯಲಾಗದಂತೆ ಜಾರಿಕೊಳ್ಳಲು ಇದು ಕಡೆಯ ಅವಕಾಶ. ಅವಳು ಹೊರಗೆ ಬಂದು ಹೂ ಚಾಚುತ್ತಾಳೆ, ಅವನು ದೂರದಿಂದಲೇ ಕೈ ನೀಡಿ ತೆಗೆದುಕೊಳ್ಳುತ್ತಾನೆ. ನಾಣ್ಯ ಕೊಡಲು ಅವಳು ಅವನ ಕೈಯನ್ನು ಹಿಡಿದೆಳೆದು ಅಂಗೈಯಲ್ಲಿಟ್ಟು ಅದುಮುತ್ತಾಳೆ. ಅವಳ ನಗು ನಿಲ್ಲುತ್ತದೆ. ಬೆರಳುಗಳು ಆ ಕೈಯನ್ನು ಮತ್ತೆ ತಡವುತ್ತವೆ, ತೋಳಿನ ಮೇಲೇರಿ ಹಿಂದೊಮ್ಮೆ ಹೂ ಸಿಕ್ಕಿಸಿದ ಕೋಟಿನ ಅಂಚಿಗೆ ಬರುತ್ತವೆ. ಕಣ್ಣು ಅವಳನ್ನು ದಾರಿ ತಪ್ಪಿಸಿತು, ಹಳೆಯ ಬೆರಳು ಗುರುತು ಹಿಡಿಯಿತು. ‘ನೀವಾ?’ ಎಂದು ಅವಳು ಕೇಳುತ್ತಾಳೆ, ಅವನು ತಲೆಯಾಡಿಸಿ ಅವಳ ಕಣ್ಣಿನ ಕಡೆ ಬೆರಳು ಮಾಡುತ್ತಾನೆ: ‘ಈಗ ಕಾಣುತ್ತದಾ?’ ‘ಹೌದು, ಈಗ ಕಾಣುತ್ತದೆ.’ ಅವನ ಕೈಯನ್ನು ಅವಳು ಎದೆಗೊತ್ತಿಕೊಳ್ಳುತ್ತಾಳೆ. ಹೂವಿನ ಕಡ್ಡಿ ಹಿಡಿದ ಕೈಯನ್ನು ಬಾಯಿಯ ಬಳಿಯಿಟ್ಟುಕೊಂಡು ಅವನು ನಗುವುದರೊಂದಿಗೆ ತೆರೆ ಕಪ್ಪಾಗುತ್ತದೆ.

ಒಂದು ತಾಂತ್ರಿಕ ವಿವರವನ್ನು ಹೇಳದಿರಲಾರೆ. ಕ್ಯಾಮೆರಾ ಅವನ ಮುಖ ತೋರಿಸುವಾಗ ಹೂವಿನ ಕೈ ಬಾಯಿಯ ಬಳಿ ಇರುತ್ತದೆ. ಅವನ ಭುಜದ ಮೇಲಿನಿಂದ ಅವಳ ಮುಖ ತೋರಿಸುವಾಗ ಆ ಕೈ ಅಲ್ಲಿರುವುದಿಲ್ಲ. ಎರಡು ಕೋನಗಳಿಗೆ ತಾಳೆಯಿಲ್ಲ. ಒಂದು ಭೇಟಿಯ ದೃಶ್ಯಕ್ಕಾಗಿ ನೂರಾರು ಸಲ ಕ್ಯಾಮೆರಾ ಓಡಿಸಿದ ಮನುಷ್ಯನಿಗೆ ಇದು ಕಾಣಲಿಲ್ಲವೆಂದರೆ ನಂಬುವುದು ಕಷ್ಟ. ಎರಡು ಮುಖಗಳೂ ಸರಿಯಾಗಿ ಬಂದಿದ್ದವು, ಅದಕ್ಕಾಗಿ ಉಳಿದದ್ದನ್ನು ಬಿಟ್ಟುಕೊಟ್ಟರೆಂದು ನಾನು ಊಹಿಸುತ್ತೇನೆ. ಆ ಶಾಟ್‌ನಲ್ಲಿ ತಾನು ಅಭಿನಯಿಸುತ್ತಿರಲೇ ಇಲ್ಲ, ಹೊರಗೆ ನಿಂತು ತನ್ನನ್ನೇ ನೋಡುತ್ತಿದ್ದಂತಿತ್ತು ಎಂಬ ಅರ್ಥದ ಮಾತನ್ನು ಚಾಪ್ಲಿನ್ ಮುಂದೆ ಸಂದರ್ಶನವೊಂದರಲ್ಲಿ ಆಡಿದ್ದಾರೆ. ಅಮೆರಿಕದ ವಿಮರ್ಶಕ ಜೇಮ್ಸ್ ಏಜೀ 1949ರಲ್ಲಿ ‘ಲೈಫ್’ ಪತ್ರಿಕೆಯ ಲೇಖನವೊಂದರಲ್ಲಿ ಈ ಮುಕ್ತಾಯವನ್ನು ಚಲನಚಿತ್ರ ಅಭಿನಯದ ಶಿಖರವೆಂದು ಬಣ್ಣಿಸಿದರು. ಅದು ಉತ್ಪ್ರೇಕ್ಷೆಯಿರಬಹುದು, ಆದರೆ ಏಜೀ ಅವರ ಮಾತಿನ ನಂತರ ಯಾರೂ ಈ ದೃಶ್ಯವನ್ನು ಬರೀ ಕಣ್ಣೀರಿನ ಕ್ಷಣವೆಂದು ಸುಲಭವಾಗಿ ತಳ್ಳಿಹಾಕಲು ಆಗಲಿಲ್ಲ.

ಹಾಗಾದರೆ ಅವಳು ಒಪ್ಪಿಕೊಂಡಳೇ? ಚಿತ್ರ ತೋರಿಸಿದ್ದಷ್ಟನ್ನೇ ಹಿಡಿದು ಹೇಳುವುದಾದರೆ, ಅವಳು ಗುರುತಿಸಿದಳು, ಕೈ ಬಿಡಲಿಲ್ಲ. ಅವಳ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಬರುವುದು ದಿಗಿಲು, ಆಮೇಲೆ ನೋವಿಗೆ ಹತ್ತಿರದ ಮೃದುತ್ವ. ಅವಳು ತಿಂಗಳುಗಟ್ಟಲೆ ಕಾದ ರಾಜಕುಮಾರ ಆ ಗಳಿಗೆಯಲ್ಲಿ ಇಲ್ಲವಾಗುತ್ತಾನೆ, ಆ ನಷ್ಟ ಅವಳ ಕಣ್ಣಿನಲ್ಲಿ ಕಾಣುತ್ತದೆ. ಅವನ ಮುಖದಲ್ಲಿಯೋ ಆಸೆ, ನಾಚಿಕೆ, ಭಯ ಒಂದರ ಮೇಲೊಂದು ಬರುತ್ತಿರುತ್ತವೆ. ಮದುವೆಯಾಗುತ್ತಾರೆಂದು ಊಹಿಸಲು ಚಿತ್ರದಲ್ಲಿ ಆಧಾರವಿಲ್ಲ. ಅವಳು ದೂರ ಮಾಡುತ್ತಾಳೆಂದು ಹೇಳಲೂ ಇಲ್ಲ. ನನ್ನನ್ನು ಕೇಳಿದರೆ ಅವಳು ಅವನಿಗೆ ಋಣಿಯಾಗಿರುತ್ತಾಳೆ, ಗೌರವದಿಂದ ಕಾಣುತ್ತಾಳೆ, ಪ್ರೀತಿಸಲಾರಳು. ಕೋಟ್ಯಧಿಪತಿಯಂತೆ ‘ಇವನಾರೋ’ ಎನ್ನದೆ ಉಳಿದದ್ದೇ ಆ ಲೋಕದಲ್ಲಿ ದೊಡ್ಡ ಸಂಗತಿ. ನಮ್ಮ ಜೊತೆ ನೋಡಿದ ಹಲವರು ಇದನ್ನು ಒಪ್ಪುವುದಿಲ್ಲ. ಆ ನಗುವಿನಲ್ಲಿ ಅವರಿಗೆ ಕಾಣುವುದು ಬರೀ ಆನಂದ. ಚಾಪ್ಲಿನ್ ಇನ್ನೊಂದು ಶಾಟ್ ಸೇರಿಸಿದ್ದರೆ ನಮ್ಮಲ್ಲಿ ಒಬ್ಬರ ಬಾಯಿ ಮುಚ್ಚಿಸಬಹುದಾಗಿತ್ತು. ಅವರು ಸೇರಿಸಲಿಲ್ಲ.

ನಿಮ್ಮ ಚಿತ್ರಸಮಾಜದಲ್ಲಿ ಈ ಚರ್ಚೆ ಮುಂದುವರಿಯುವುದಾದರೆ ನನ್ನದೊಂದು ಸಲಹೆಯಿದೆ. ಇಡೀ ಚಿತ್ರವನ್ನು ಮತ್ತೆ ಹಾಕುವ ಅಗತ್ಯವಿಲ್ಲ. ಕಾರಿನ ಬಾಗಿಲಿನ ದೃಶ್ಯ, ಕೋಟ್ಯಧಿಪತಿ ಮೊದಲ ಸಲ ಅಮಲಿಳಿದು ಅಲೆಮಾರಿಯನ್ನು ಹೊರಗೆ ಹಾಕಿಸುವ ದೃಶ್ಯ, ಮತ್ತು ಕೊನೆಯ ದೃಶ್ಯ, ಈ ಮೂರನ್ನು ಬೆನ್ನುಬೆನ್ನಿಗೆ ತೋರಿಸಿ. ಮೂಲ ಸಂಗೀತವಿರುವ ಪ್ರತಿಯನ್ನೇ ಆರಿಸಿಕೊಳ್ಳಿ, ವಿವರಣೆಯ ಧ್ವನಿ ಸೇರಿಸಿದ ಪ್ರತಿಗಳನ್ನು ದೂರವಿಡಿ. ಆಕ್ಷೇಪ ಎತ್ತಿದ ಗೆಳೆಯರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ, ಹುಡುಗಿಯ ಮುಖವನ್ನು ಬಿಟ್ಟು ಅವಳ ಕೈಗಳನ್ನಷ್ಟೇ ಗಮನಿಸುವಂತೆ ಕೇಳಿಕೊಳ್ಳಿ. ಅಂಧತ್ವದ ಚಿತ್ರಣದ ಬಗ್ಗೆ ಅವರೆತ್ತಿದ ತಕರಾರು ಆಗಲೂ ಉಳಿಯುತ್ತದೆ, ಉಳಿಯಬೇಕು ಕೂಡ. ಅದರ ಬಗ್ಗೆ ಮಾತಾಡಲು ದೃಷ್ಟಿಯಿಲ್ಲದ ಒಬ್ಬ ಓದುಗರನ್ನೋ ಅಧ್ಯಾಪಕರನ್ನೋ ಆ ದಿನ ಆಹ್ವಾನಿಸಿ, ದೃಶ್ಯಗಳನ್ನು ಅವರಿಗೆ ಮಾತಿನಲ್ಲಿ ವಿವರಿಸಲು ಒಬ್ಬರನ್ನು ಪಕ್ಕದಲ್ಲಿ ಕೂರಿಸಿದರೆ, ನನ್ನಂಥವರ ಉತ್ತರಕ್ಕಿಂತ ಹೆಚ್ಚು ಪ್ರಯೋಜನವಾದೀತು.